ಸುಟ್ಟ ಊರಲ್ಲಿ ಜಗುಲಿ ಮೊದಲು ಕಟ್ಟಿ

ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿರೋ ನಮ್ಮ ದೊಡ್ಡಮ್ಮನ ಮಗಳು ಅಕ್ಕ ಮೊನ್ನೆ ವಾಟ್ಸಾಪಲ್ಲಿ ಒಂದು ಮನೆ ಪ್ಲಾನ್ ಕಳಿಸಿದ್ಲು, "ನೀನು ಇದೇ ಕೆಲಸ ಮಾಡೋನಲ್ವೇನೋ, ಸ್ವಲ್ಪ ನೋಡಿ ಹೇಳೋ ಪುಟ್ಟ" ಅಂತ. ಪ್ಲಾನ್ ಅವಳದ್ದಲ್ಲ, ಅವಳ ಆಫೀಸಲ್ಲಿ ಜೊತೆಗೆ ಕೆಲಸ ಮಾಡೋ ಒಬ್ಬರದ್ದು. ಪಸಡೀನಾಗೆ ಅಂಟ್ಕೊಂಡ ಹಾಗೇ ಬೆಟ್ಟದ ಬುಡದಲ್ಲಿ ಆಲ್ಟಡೀನಾ ಅಂತ ಊರಿದೆ, 2025ರ ಜನವರಿ 7ನೇ ತಾರೀಖು ಸಾಯಂಕಾಲ ಹತ್ಕೊಂಡ ಈಟನ್ ಫೈರ್ ಅನ್ನೋ ಕಾಡ್ಗಿಚ್ಚಲ್ಲಿ ಆ ಊರಿನ ಎಷ್ಟೋ ಬೀದಿ ಬೂದಿ ಆಗೋಯ್ತು. ಅದೇ ದಿನ ಸಮುದ್ರದ ಕಡೆ ಪ್ಯಾಲಿಸೇಡ್ಸಲ್ಲೂ ಬೆಂಕಿ. ಎರಡೂ ಸೇರಿ 16,000ಕ್ಕೂ ಹೆಚ್ಚು ಕಟ್ಟಡ ಹೋಯ್ತು, 30 ಜನಕ್ಕಿಂತ ಹೆಚ್ಚು ಸತ್ರು. ಅಕ್ಕನ ಮನೆ ಉಳೀತು, ಅವರ ಮನೆ ಉಳೀಲಿಲ್ಲ.

ಪ್ಲಾನ್ ಚೆನ್ನಾಗೇ ಇತ್ತು. ಮೂರು ಬೆಡ್‌ರೂಮು, ದೊಡ್ಡ ಕಿಚನ್ನು, ಕಾರಿಗೆ ಜಾಗ ಎಲ್ಲ ಇದೆ. ಆದ್ರೆ ಅವರ ತಾಯಿ, ಎಪ್ಪತ್ತು ದಾಟಿದೋರು, ಇದಕ್ಕೆ ಸೈನ್ ಹಾಕಲ್ಲ ಅಂತ ಕೂತಿದ್ದಾರಂತೆ, ಯಾಕೆ ಅಂತನೂ ಹೇಳ್ತಿಲ್ಲ, ಮಗನಿಗೆ ತಲೆ ಕೆಟ್ಟೋಗಿದೆ. ನಾನು ಹಳೆ ಮನೆ ಫೋಟೋ ಇದ್ರೆ ಕಳ್ಸಕ್ಕಾ ಅಂದೆ. ಬಂತು. ನೋಡಿದ ತಕ್ಷಣ ಗೊತ್ತಾಯ್ತು. ಹಳೆ ಮನೆ ಮುಂದೆ ಬೀದಿಗೆ ಮುಖ ಮಾಡ್ಕೊಂಡು ಒಂದು ಜಗುಲಿ ಇತ್ತು, ಎರಡು ಕುರ್ಚಿ, ಒಂದು ಗಿಡದ ಕುಂಡ, ನಾಲ್ಕು ಮೆಟ್ಟಿಲು. ಹೊಸ ಪ್ಲಾನಲ್ಲಿ ಆ ಜಾಗಕ್ಕೆ ಗ್ಯಾರೇಜ್ ಬಂದಿದೆ, ಸ್ಕ್ವೇರ್ ಫೀಟ್ ಉಳಿಸೋಕೆ. ಆ ಅಜ್ಜಿ ಅರವತ್ತರ ದಶಕದಿಂದ ಕೂತ್ಕೊಂಡು ಬೀದಿ ನೋಡಿದ ಜಾಗ ಅದು.

ನಾನು ಈ ವಿಷಯ ಬರೀಬೇಕು ಅಂತ ಬಹಳ ದಿನದಿಂದ ಅಂದ್ಕೊಂಡಿದ್ದೆ. ಮೈಸೂರಲ್ಲಿ ಸಣ್ಣದಾಗಿ ಆಫೀಸ್ ಇಟ್ಕೊಂಡು ಮನೆ ಡಿಸೈನ್ ಮಾಡೋನು ನಾನು, ಹುಟ್ಟಿದ್ದು ಮದ್ದೂರು ಕಡೆ ಹಳ್ಳೀಲಿ, ಬೆಂಕಿ ಬಿದ್ದ ಬೀದಿ ಮತ್ತೆ ಎದ್ದು ನಿಲ್ಲೋದನ್ನ ನಮ್ಮೂರಲ್ಲೇ ನೋಡಿದೀನಿ. ಅದಕ್ಕೇ ಕ್ಯಾಲಿಫೋರ್ನಿಯಾ, ಹವಾಯಿ, ಆಸ್ಟ್ರೇಲಿಯಾ ಎಲ್ಲಿ ಊರು ಸುಟ್ಟೋದ್ರೂ ಆಮೇಲೆ ಏನ್ ಕಟ್ಟಿದ್ರು, ಯಾರು ಕಟ್ಟಿದ್ರು, ಯಾವುದು ಮೊದಲು ಕಟ್ಟಿದ್ರು ಅಂತ ಹುಡುಕ್ಕೊಂಡು ಓದ್ತಾ ಇರ್ತೀನಿ. ಓದಿ ಓದಿ ನನಗೆ ಒಂದು ಮಾತು ಗಟ್ಟಿಯಾಗಿದೆ: ಬೆಂಕಿಗೆ ಜಗ್ಗದ ಮನೆ ಕಟ್ಟೋದು ಇವತ್ತು ಗೊತ್ತಿರೋ ಕೆಲಸ, ಅದನ್ನ ಮಾಡ್ಲೇಬೇಕು, ಆದ್ರೆ ಜನ ಮತ್ತೆ ಊರಾಗೋದು ಮನೆ ಒಳಗಲ್ಲ, ಮನೆಗೂ ಮನೆಗೂ ಮಧ್ಯ ಇರೋ ಜಾಗದಲ್ಲಿ, ಮತ್ತೆ ಆ ಜಾಗವನ್ನ ಎಲ್ಲದಕ್ಕಿಂತ ಮೊದಲು ಕಟ್ಟಬೇಕು.

ಮೊದಲು ಬೆಂಕಿ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ನಮ್ಮಲ್ಲಿ ತುಂಬ ಜನಕ್ಕೆ ಕಾಡ್ಗಿಚ್ಚು ಅಂದ್ರೆ ದೊಡ್ಡ ಜ್ವಾಲೆ ಬಂದು ಮನೆಗೆ ಬಡಿಯತ್ತೆ ಅಂತ ಕಣ್ಣಿಗೆ ಬರತ್ತೆ. ಬಹಳಷ್ಟು ಸಲ ಹಾಗಲ್ಲ. ಗಾಳಿ ಜೋರಾಗಿದ್ದಾಗ ಕೆಂಡದ ಚೂರು, ಕಿಡಿ, ಕಿಲೋಮೀಟರ್‌ಗಟ್ಟಲೆ ಹಾರಿ ಬಂದು ಮನೆ ಮೇಲೆ ಮಳೆ ಹಾಗೆ ಸುರಿಯತ್ತೆ. ಅಟ್ಟಕ್ಕೆ ಗಾಳಿ ಆಡಲಿ ಅಂತ ಬಿಟ್ಟಿರೋ ಕಿಂಡಿ ಒಳಗೆ ಹೋಗತ್ತೆ, ಚಾವಣಿ ಅಂಚಲ್ಲಿ ಮಳೆನೀರಿಗೆ ಇಟ್ಟ ದೋಣಿಯಲ್ಲಿ ತುಂಬ್ಕೊಂಡ ಒಣಗಿದ ಎಲೆ ಮೇಲೆ ಕೂರತ್ತೆ, ಗೋಡೆ ಪಕ್ಕ ಪೇರಿಸಿಟ್ಟ ಸೌದೆ ಮೇಲೆ ಬೀಳತ್ತೆ. ಒಂದು ಮನೆ ಹತ್ಕೊಂಡ್ರೆ ಅದರ ಕಾವಿಗೆ ಪಕ್ಕದ ಮನೆ ಕಿಟಕಿ ಗಾಜು ಒಡೆದು ಅದೂ ಹತ್ಕೊಳತ್ತೆ, ಆಮೇಲೆ ಕಾಡೂ ಬೇಡ ಏನೂ ಬೇಡ, ಮನೆಯಿಂದ ಮನೆಗೇ ಬೆಂಕಿ ಓಡತ್ತೆ. ಆಲ್ಟಡೀನಾದಲ್ಲಿ ಕ್ರಿಸ್‌ಮಸ್ ಟ್ರೀ ಲೇನ್ ಅಂತ ಒಂದು ರಸ್ತೆ ಇದೆ, ಎರಡೂ ಕಡೆ ದೇವದಾರು ಮರ, ನಮ್ಮ ಹಿಮಾಲಯದ ಜಾತೀದೇ, 1880ರ ದಶಕದಲ್ಲಿ ನೆಟ್ಟಿದ್ದು, 1920ರಿಂದ ಡಿಸೆಂಬರಲ್ಲಿ ಆ ಮರಗಳಿಗೆ ದೀಪ ಹಾಕ್ತಾರೆ. ಸುತ್ತಮುತ್ತ ಎಷ್ಟೋ ಮನೆ ಹೋದ್ರೂ ಆ ಮರಗಳು ಬಹುಪಾಲು ಉಳ್ಕೊಂಡ್ವು. ಹಸಿ ಮರ ನಿಂತಿದೆ, ಪಕ್ಕದ ಮನೆ ಇಲ್ಲ. ಆ ಫೋಟೋಗಳನ್ನ ನೋಡಿದ್ರೆ ಬೆಂಕಿ ಹೆಂಗೆ ನಡೀತು ಅಂತ ಪಾಠ ಮಾಡೋದೇ ಬೇಡ.

ಹಾಗಾಗಿ ಪರಿಹಾರನೂ ಸಣ್ಣ ಸಣ್ಣ ವಸ್ತುವಲ್ಲೇ ಇದೆ. ಕಿಂಡಿಗೆ ಸುಮಾರು 3 ಮಿಲಿಮೀಟರ್‌ಗಿಂತ ಸಣ್ಣ ಕಣ್ಣಿನ ಲೋಹದ ಜಾಲರಿ, ಹತ್ಕೊಳ್ಳದ ಚಾವಣಿ, ಎರಡು ಪದರದ ಟಫನ್ಡ್ ಗಾಜು, ಗೋಡೆಯಿಂದ ಮೊದಲ 5 ಅಡಿ ತನಕ ಸುಡೋ ವಸ್ತು ಏನೂ ಇಲ್ಲದೆ ಕಲ್ಲೋ ಜಲ್ಲಿಯೋ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿ 2008ರಿಂದ ಬೆಂಕಿ ಅಪಾಯ ಇರೋ ಕಡೆ ಹೊಸ ಮನೆಯ ಕಿಂಡಿ, ಚಾವಣಿ, ಗಾಜಿಗೆ ಈ ತರ ರೂಲ್ಸ್ ಇದೆ. 2018ರ ನವೆಂಬರ್ 8ರಂದು ಪ್ಯಾರಡೈಸ್ ಅನ್ನೋ ಊರೇ ಸುಟ್ಟೋಯ್ತಲ್ಲ, ಆ ಕಾಡ್ಗಿಚ್ಚಿನ ಹೆಸರು ಕ್ಯಾಂಪ್ ಫೈರ್, 85 ಜನ ಸತ್ರು, ಅಲ್ಲಿ ಆಮೇಲೆ ಲೆಕ್ಕ ಹಾಕಿ ನೋಡಿದಾಗ 1997ಕ್ಕೆ ಮುಂಚೆ ಕಟ್ಟಿದ ಮನೆಗಳಲ್ಲಿ ಉಳಿದಿದ್ದು 11.5 ಪರ್ಸೆಂಟು, ಆಮೇಲೆ ಕಟ್ಟಿದ್ದರಲ್ಲಿ 38.5 ಪರ್ಸೆಂಟು. ಅದಕ್ಕಿಂತ ಮುಖ್ಯ ಅಂದ್ರೆ ಪಕ್ಕದಲ್ಲಿ ಸುಟ್ಟ ಮನೆ ಎಷ್ಟು ದೂರ ಇತ್ತು ಅನ್ನೋದರ ಮೇಲೆ ನಿಮ್ಮ ಮನೆ ಉಳಿಯೋದು ನಿಂತಿತ್ತು. ಅಂದ್ರೆ ನಾನೊಬ್ಬನೇ ಎಷ್ಟು ದುಡ್ಡು ಸುರಿದು ಗಟ್ಟಿ ಮನೆ ಕಟ್ಟಿದ್ರೂ ಪಕ್ಕದೋರ ಕಿಂಡಿಗೆ ಜಾಲರಿ ಇಲ್ಲ ಅಂದ್ರೆ ನನಗೂ ಅಪಾಯ, ಬೀದಿ ಸೇರಿ ಮಾಡೋ ಕೆಲಸ ಇದು. ಇಂಜಿನಿಯರಿಂಗ್ ಪುಸ್ತಕನೇ ನೆರೆಹೊರೆ ಕಡೆ ಬೆರಳು ತೋರಿಸ್ತಿದೆ ನೋಡಿ.

ಈಗ ನಮ್ಮೂರಿಗೆ ಬರ್ತೀನಿ.

ನಮ್ಮಲ್ಲಿ ಕಾಡಿಲ್ಲ, ಕಬ್ಬಿನ ಗದ್ದೆ. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಹಾಕೋದು ಮಂಡ್ಯ ಕಡೆ ಎಲ್ರಿಗೂ ಗೊತ್ತಿರೋದೆ. ನಾನು ಹೈಸ್ಕೂಲಲ್ಲಿ ಇದ್ದಾಗ ಒಂದು ಬೇಸಿಗೆ ಮಧ್ಯಾಹ್ನ ಯಾರೋ ಹಾಕಿದ ತರಗಿನ ಬೆಂಕಿ ಗಾಳಿಗೆ ಹಾರಿ ಹಿತ್ತಲ ಹುಲ್ಲಿನ ಮೆದೆಗೆ ಬಿತ್ತು, ಮೆದೆಯಿಂದ ಕೊಟ್ಟಿಗೆ, ಕೊಟ್ಟಿಗೆಯಿಂದ ಗರಿ ಗುಡಿಸಲು, ಒಂದು ಪೂರಾ ಸಾಲು ಹೋಯ್ತು. ಮಧ್ಯಾಹ್ನ ಆಗಿದ್ರಿಂದ ಜನ ಎಲ್ಲ ಗದ್ದೇಲಿ ಇದ್ರು, ಯಾರ ಪ್ರಾಣನೂ ಹೋಗ್ಲಿಲ್ಲ, ದನ ಹೋದ್ವು. ಸುಟ್ಟ ದನದ ವಾಸನೆ ಆ ಬೀದೀಲಿ ಎಷ್ಟು ದಿನ ಇತ್ತು ಅಂತ ಹೇಳಕ್ಕಾಗಲ್ಲ. ಮಳೆ ಬಂದಾಗ ಬೂದಿ ನೆನೆದು ಮತ್ತೆ ಅದೇ ವಾಸನೆ ಬರೋದು, ಹೆಂಗಸರು ಸೆರಗು ಮುಚ್ಕೊಂಡು ಓಡಾಡೋರು.

ಮನೆ ಮತ್ತೆ ಕಟ್ಟಿಕೊಟ್ರು. ಅದನ್ನ ನಾನು ಕಡೆಗಣಿಸಲ್ಲ, ಇಟ್ಟಿಗೆ ಗೋಡೆ, ಆರ್‌ಸಿಸಿ ಮೇಲ್ಛಾವಣಿ, ಕರೆಂಟು, ಬೆಂಕಿಗೆ ಹೆದರೋ ಹಾಗಿಲ್ಲ. ಆದ್ರೆ ಕೆಲಸ ಹಿಡಿದ ಕಾಂಟ್ರಾಕ್ಟರ್ ಎಲ್ಲಾ ಮನೆನೂ ಒಂದೇ ಅಳತೆಗೆ, ಒಂದರ ಬೆನ್ನಿಗೆ ಇನ್ನೊಂದರ ಮುಖ ಬರೋ ಹಾಗೆ ಸಾಲಾಗಿ ಕಟ್ಟಿ ಕೈ ತೊಳ್ಕೊಂಡ. ಬಾಗಿಲು ತೆಗೆದ್ರೆ ಎದುರಿಗೆ ಮುಂದಿನ ಮನೆಯ ಹಿಂದಿನ ಗೋಡೆ, ಅದರ ಬಚ್ಚಲ ನೀರು. ಹಳೆ ಸಾಲಲ್ಲಿ ಗುಡಿಸಲೇ ಆದ್ರೂ ಪ್ರತಿ ಮನೆ ಮುಂದೆ ಒಂದು ಚಪ್ಪಡಿ ಕಲ್ಲಿನ ಜಗುಲಿ ಇತ್ತು, ಎದುರುಬದುರು. ಬೆಂಕಿಗೆ ಕಲ್ಲು ಏನಾಗತ್ತೆ, ಕಪ್ಪಾಗಿತ್ತು ಅಷ್ಟೆ. ಆ ಚಪ್ಪಡೀನೆಲ್ಲ ಆ ಮನುಷ್ಯ ಒಡೆಸಿ ಪಾಯಕ್ಕೆ ತುಂಬಿಸ್ಬಿಟ್ಟ. ಅವನ ಲೆಕ್ಕಕ್ಕೆ ಅದು ಸೈಜುಗಲ್ಲು ದುಡ್ಡು ಉಳಿತಾಯ. ರಾತ್ರಿ ಊಟ ಆದ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಎದುರು ಮನೆಯೋರ ಜೊತೆ ಮಾತಾಡೋ ಜಾಗ, ಸೊಪ್ಪು ಸೋಸೋ ಜಾಗ, ಬಾಣಂತೀನ ಬಿಸಿಲು ಕಾಯಿಸೋ ಜಾಗ, ಸಾವಾದ್ರೆ ಗಂಡಸರು ಬಂದು ಕೂರೋ ಜಾಗ, ಎಲ್ಲ ನೆಲದ ಕೆಳಗೆ ಹೋಯ್ತು.

ಆ ಸಾಲಲ್ಲಿದ್ದ ಒಬ್ಬ ಅಜ್ಜಿ, ನಮ್ಮಮ್ಮಂಗೆ ದೂರದ ಸಂಬಂಧ, ಹೊಸ ಮನೆಗೆ ಹೋಗಿ ಸ್ವಲ್ಪ ದಿನಕ್ಕೇ ನಮ್ಮನೆ ಜಗುಲಿಗೆ ಬಂದು ಕೂರಕ್ಕೆ ಶುರು ಮಾಡಿದ್ರು, ಬೆಳಗ್ಗೆ ಬಂದ್ರೆ ಮಧ್ಯಾಹ್ನದ ತನಕ. ನಮ್ಮಮ್ಮ "ಯಾಕತ್ತೆ, ಮನೆ ಚೆನ್ನಾಗಿಲ್ವಾ" ಅಂದ್ರೆ "ಮನೆ ಚೆಂದಾಗೈತೆ ಕಣವ್ವ, ಮಳೆ ಬಂದ್ರೆ ಸೋರಲ್ಲ. ಆದ್ರೆ ಯಾರ್ ಮನೇಲಿ ಒಲೆ ಹತ್ತೈತೆ, ಯಾರ್ ಮನೇಲಿ ಹತ್ತಿಲ್ಲ ಅಂತ ಗೊತ್ತಾಗಾಕಿಲ್ಲ ಕಣವ್ವ" ಅಂದ್ರು. ಆರ್ಕಿಟೆಕ್ಚರ್ ಓದುವಾಗ ಕಮ್ಯುನಿಟಿ ಸ್ಪೇಸ್ ಬಗ್ಗೆ ನಾನು ಓದಿದ ಯಾವ ಚಾಪ್ಟರೂ ನನಗೆ ಇಷ್ಟು ತಾಗಿಲ್ಲ. ಮುಂದಿನ ಸಂಕ್ರಾಂತಿಗೆ ಕಿಚ್ಚು ಹಾಯಿಸೋದನ್ನ ಊರ ಮುಂದೆ ಮಾಡ್ಲಿಲ್ಲ, ಕೆರೆ ಏರಿ ಆಚೆಗೆ ಒಯ್ದ್ರು, ಆ ಸಾಲಿನ ಹೆಂಗಸರು ಮಕ್ಕಳು ಬೆಂಕಿ ನೋಡೋದು ಬೇಡ ಅಂತ. ಯಾರೂ ಮೀಟಿಂಗ್ ಮಾಡಿ ತೀರ್ಮಾನ ಮಾಡಿದ್ದಲ್ಲ ಅದು, ಹಂಗೇ ಆಯ್ತು. ಇನ್ನೊಂದೆರಡು ವರ್ಷಕ್ಕೆ ಆ ಸಾಲಿನ ಹುಡುಗರೇ ಸೇರ್ಕೊಂಡು ಅಳಿದುಳಿದ ಚಪ್ಪಡಿ ಹುಡುಕಿ ಎಳ್ಕೊಂಡು ಬಂದು ಸಾಲಿನ ತುದೀಲಿದ್ದ ಹೊಂಗೆ ಮರದ ಬುಡಕ್ಕೆ ಒಂದು ಕಟ್ಟೆ ಕಟ್ಟಿದ್ರು. ಕಲ್ಲು ಇನ್ನೂ ಒಂದು ಕಡೆ ಕಪ್ಪಗೇ ಇದೆ, ಉಜ್ಜಿ ತೊಳೀಲಿಲ್ಲ. ಅಲ್ಲಿಂದ ಆ ಸಾಲು ಮತ್ತೆ ಮಾತಾಡಕ್ಕೆ ಶುರು ಮಾಡ್ತು ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಇದೇ ಮಾತು ದೊಡ್ಡ ಪ್ರಮಾಣದಲ್ಲಿ ಜಪಾನಲ್ಲಿ ಆಗಿದೆ. 1995ರ ಜನವರಿ 17ಕ್ಕೆ ಕೋಬೆ ಭೂಕಂಪ ಆದಾಗ ನಾಗತಾ ಅನ್ನೋ ಏರಿಯಾ ಭೂಕಂಪಕ್ಕಿಂತ ಹೆಚ್ಚಾಗಿ ಆಮೇಲೆ ಎದ್ದ ಬೆಂಕಿಗೆ ಹೋಯ್ತು. ಅಲ್ಲಿ ತಕಟೋರಿ ಚರ್ಚ್ ಸುಟ್ಟೋಗಿತ್ತು. ಶಿಗೆರು ಬಾನ್ ಅನ್ನೋ ಆರ್ಕಿಟೆಕ್ಟ್ ಬಂದು ಮನೆ ಕಳ್ಕೊಂಡೋರಿಗೆ ಕಾಗದದ ಕೊಳವೆಗಳಿಂದ ಗೋಡೆ, ಮರಳು ತುಂಬಿದ ಬಿಯರ್ ಕ್ರೇಟುಗಳಿಂದ ಪಾಯ ಮಾಡಿ ಸಣ್ಣ ಮನೆ ಕಟ್ಟಿಕೊಟ್ರು. ಅದರ ಜೊತೆಗೇ ಸುಟ್ಟ ಚರ್ಚಿನ ಜಾಗದಲ್ಲಿ 58 ಕಾಗದದ ಕೊಳವೆ ನಿಲ್ಲಿಸಿ ಒಂದು ಸಭಾಂಗಣ ಎಬ್ಬಿಸಿದ್ರು, 160 ಜನ ವಾಲಂಟಿಯರ್ಸ್ ಸೇರಿ ಐದು ವಾರದಲ್ಲಿ. ಪ್ರಾರ್ಥನೆನೂ ಅಲ್ಲೇ, ಊರ ಮೀಟಿಂಗೂ ಅಲ್ಲೇ. ತಾತ್ಕಾಲಿಕ ಅಂತ ಕಟ್ಟಿದ್ದು ಹತ್ತು ವರ್ಷ ನಿಂತಿತ್ತು, ಆಮೇಲೆ ಅದನ್ನ ಬಿಚ್ಚಿ ತೈವಾನಿನ ಟಾವೋಮಿ ಅನ್ನೋ ಹಳ್ಳಿಗೆ ಕಳಿಸಿದ್ರು, 1999ರ ಭೂಕಂಪದಲ್ಲಿ ನೊಂದ ಹಳ್ಳಿ ಅದು, ಈಗಲೂ ಅಲ್ಲಿದೆ. ಕಾಗದದ ಕಟ್ಟಡ! ಊರಿಗೆ ಬೇಕು ಅನಿಸಿದ್ರೆ ಜನ ಅದನ್ನ ಉಳಿಸ್ಕೊಳ್ತಾರೆ, ಬೇಡ ಅನಿಸಿದ್ರೆ ಕಾಂಕ್ರೀಟೂ ಹಾಳು ಬೀಳತ್ತೆ.

ಹವಾಯಿಯ ಲಹೈನಾದಲ್ಲಂತೂ ಕಟ್ಟಡನೂ ಅಲ್ಲ, ಮರ. 2023ರ ಆಗಸ್ಟ್ 8ಕ್ಕೆ ಆ ಊರು ಸುಟ್ಟು 102 ಜನ ತೀರ್ಕೊಂಡ್ರು, 2,200ರಷ್ಟು ಕಟ್ಟಡ ಹೋಯ್ತು. ಊರ ಮಧ್ಯ ಒಂದು ಆಲದ ಮರ ಇತ್ತು, 1873ರಲ್ಲಿ ಇಂಡಿಯಾದಿಂದ ತಂದ ಸಸಿ, ನೆಟ್ಟಾಗ 8 ಅಡಿ ಎತ್ತರ, ಈಗ ಬಿಳಲು ಬಿಟ್ಟು ಬಿಟ್ಟು ಒಂದು ತೋಪಿನಷ್ಟು ಹರಡಿದೆ. ಅದೂ ಸುಟ್ಟು ಕರಕಲಾಗಿತ್ತು. ಇನ್ನೂ ಯಾರಿಗೂ ಮನೆ ಇಲ್ಲ, ಊರೊಳಗೆ ಬಿಡೋದೇ ಕಷ್ಟ, ಅಂಥಾ ಹೊತ್ತಲ್ಲಿ ಗಿಡಮರದ ತಜ್ಞರು, ವಾಲಂಟಿಯರ್ಸು ಟ್ಯಾಂಕರಲ್ಲಿ ನೀರು ತಂದು ಆ ಮರಕ್ಕೆ ಹಾಕಿದ್ರು, ಗೊಬ್ಬರದ ಮಣ್ಣು ಹರಡಿದ್ರು. ಮುಂದಿನ ತಿಂಗಳೇ ಚಿಗುರು ಬಂತು. ಒಂದಷ್ಟು ಕೊಂಬೆ ಹೋಯ್ತು, ಮರ ಉಳೀತು. ಅರಳಿಕಟ್ಟೆ ಇರೋ ಊರಲ್ಲಿ ಬೆಳೆದ ನಮಗೆ ಇದನ್ನ ವಿವರಿಸಿ ಹೇಳೋದು ಬೇಕಾ? ಊರ ಮರ ಚಿಗುರಿದ್ರೆ ನಮಗೂ ಜೀವ ಬಂದಂಗೆ.

ಆಸ್ಟ್ರೇಲಿಯಾದಲ್ಲಿ 2009ರ ಫೆಬ್ರವರಿ 7ನ್ನ ಬ್ಲಾಕ್ ಸ್ಯಾಟರ್‌ಡೇ ಅಂತಾರೆ, ವಿಕ್ಟೋರಿಯಾ ರಾಜ್ಯದಲ್ಲಿ 173 ಜನ ಸತ್ರು, 2,000ಕ್ಕೂ ಹೆಚ್ಚು ಮನೆ ಹೋಯ್ತು. ಮೇರಿಸ್‌ವಿಲ್, ಕಿಂಗ್‌ಲೇಕ್, ಫ್ಲವರ್‌ಡೇಲ್ ಈ ಮೂರು ಕಡೆ ಜನಾನ ದೂರದ ಸಿಟಿಗೆ ಕಳಿಸದೆ ಸುಟ್ಟ ಊರ ಹತ್ತಿರಾನೇ ತಾತ್ಕಾಲಿಕ ಹಳ್ಳಿ ಮಾಡಿದ್ರು, ಮಲಗೋಕೆ ಸಣ್ಣ ಮನೆ, ಅಡುಗೆ ಬಟ್ಟೆ ಒಗೆಯೋದಕ್ಕೆಲ್ಲ ಎಲ್ರಿಗೂ ಸೇರಿದ ಜಾಗ. ಮೆಲ್ಬರ್ನ್ ಯೂನಿವರ್ಸಿಟಿಯೋರು ಆ ಬೆಂಕಿ ಕಂಡ ಊರುಗಳ ಜನರ ಜೊತೆ ವರ್ಷಗಟ್ಟಲೆ ಮಾತಾಡ್ಕೊಂಡು ಒಂದು ಅಧ್ಯಯನ ಮಾಡಿದ್ದಾರೆ, ಬಿಯಾಂಡ್ ಬುಶ್‌ಫೈರ್ಸ್ ಅಂತ. ಊರಿನ ಯಾವುದೋ ಒಂದು ಗುಂಪಲ್ಲಿ, ಸಂಘದಲ್ಲಿ ಇದ್ದೋರು ಮನಸ್ಸಿನ ಆರೋಗ್ಯದಲ್ಲಿ ಚೆನ್ನಾಗಿ ಚೇತರಿಸ್ಕೊಂಡಿದ್ದು ಅದರಲ್ಲಿ ಕಾಣತ್ತೆ. ಸಂಘ ಸೇರಬೇಕು ಅಂದ್ರೆ ಮೊದಲು ಒಂದು ಚಾವಣಿ, ನಾಲ್ಕು ಬೆಂಚು, ಕಾಫಿ ಕಾಯಿಸೋ ಒಲೆ ಬೇಕಲ್ವಾ. ಅದನ್ನ ಕೊಡೋದು ನಮ್ಮಂಥೋರ ಕೆಲಸ.

ದೂರ ಯಾಕೆ, ನಮ್ಮ ಮೈಸೂರು ಅರಮನೆನೇ ಬೆಂಕಿ ಆದ ಮೇಲೆ ಕಟ್ಟಿದ್ದು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಟೈಮಲ್ಲಿ ಹಳೆ ಮರದ ಅರಮನೆ ಸುಟ್ಟೋಯ್ತು. ಆಗ ರಾಜ್ಯ ನೋಡ್ಕೊಳ್ತಾ ಇದ್ದ ವಾಣಿವಿಲಾಸ ಸನ್ನಿಧಾನದವರು ಹೆನ್ರಿ ಇರ್ವಿನ್‌ಗೆ ಹೊಸದು ಕಟ್ಟೋ ಕೆಲಸ ಕೊಟ್ರು, ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣ. ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿ ನವಿಲಿನ ಗಾಜು ನೋಡ್ತೀವಲ್ಲ, ಅದನ್ನ ಹೊತ್ತಿರೋದು ಗ್ಲಾಸ್ಗೋದಿಂದ ಹಡಗಲ್ಲಿ ಬಂದ ಎರಕದ ಕಬ್ಬಿಣದ ಕಂಬ. ಮುಗಿದಿದ್ದು 1912ಕ್ಕೆ. ಹದಿನೈದು ವರ್ಷ! ಆ ಹದಿನೈದು ವರ್ಷ ಅರಮನೆ ಇಲ್ಲ ಅಂತ ಏನೂ ನಿಲ್ಲಲಿಲ್ಲ, ಪಕ್ಕದ ಜಗನ್ಮೋಹನ ಅರಮನೆಗೆ ಹೋದ್ರು, 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ಕೊಟ್ಟ ದರ್ಬಾರೂ ಅಲ್ಲೇ ಆಯ್ತು. ಟೂರಿಸ್ಟ್ ಗೈಡ್‌ಗಳು ಹೊಸ ಅರಮನೆ ಖರ್ಚು ನಲವತ್ತೊಂದು ಲಕ್ಷ ಚಿಲ್ಲರೆ ಅಂತ ಹೇಳಿ ಮುಗಿಸ್ತಾರೆ, ನನಗೆ ಜಗನ್ಮೋಹನದ ಆ ಹದಿನೈದು ವರ್ಷ ಹೆಚ್ಚು ಮುಖ್ಯ ಅನ್ಸತ್ತೆ. ಕಟ್ಟೋದು ನಿಧಾನ ಆಗಲಿ, ಸೇರೋದು ನಿಲ್ಲಬಾರದು. ಪ್ಲೇಗ್ ಬಂದು ಹೋದ ಅದೇ ಕಾಲದಲ್ಲಿ, 1903ರಲ್ಲಿ, ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು, ಇಕ್ಕಟ್ಟಾದ ಕೇರಿ ಬಿಡಿಸಿ ಅಗಲ ರಸ್ತೆ ಮಾಡಿದ್ರು, ಮನೆ ಹಿಂದೆ ಕಸ ಕೊಚ್ಚೆ ಸಾಗಿಸೋಕೆ ಕನ್ಸರ್ವೆನ್ಸಿ ಗಲ್ಲಿ ಬಿಟ್ರು. ಇವತ್ತು ಆ ಗಲ್ಲಿಗಳಲ್ಲಿ ಎಷ್ಟನ್ನ ನಾವು ಒತ್ತುವರಿ ಮಾಡ್ಕೊಂಡು, ಹಳೆ ಸೋಫಾ ಹಾಸಿಗೆ ತುಂಬಿ ಇಟ್ಟಿದೀವಿ ಅಂತ ಒಂದ್ಸಲ ಹೋಗಿ ನೋಡಿ. ಮನೆಗೂ ಮನೆಗೂ ಮಧ್ಯ ಬಿಟ್ಟ ಜಾಗ ಪ್ಯಾರಡೈಸಲ್ಲಿ ಏನು ಮಾಡ್ತು ಅಂತ ಮೇಲೆ ಬರೆದಿದೀನಿ, ಮತ್ತೆ ಹೇಳಲ್ಲ.

ಇನ್ನು ಪೆನ್ಸಿಲ್ ಯಾರ ಕೈಲಿರಬೇಕು ಅನ್ನೋದು. 1993ರ ಲಾತೂರ್ ಭೂಕಂಪ ಆದ ಮೇಲೆ ಎಷ್ಟೋ ಹಳ್ಳಿಗಳನ್ನ ಬೇರೆ ಜಾಗಕ್ಕೆ ಎತ್ತಿ, ನೇರ ರಸ್ತೆ ಎಳೆದು, ಸಾಲು ಮನೆ ಕಟ್ಟಿಕೊಟ್ರು. ಮನೆ ಗಟ್ಟಿ, ಆದ್ರೆ ಅಂಗಳದ ಸುತ್ತ ಬದುಕ್ತಿದ್ದ ಹಳ್ಳಿ ಜನಕ್ಕೆ ಅದು ಒಗ್ಗೋಕೆ ತುಂಬ ಕಷ್ಟ ಆಯ್ತು. 2001ರ ಕಚ್ಛ್ ಭೂಕಂಪಕ್ಕೆ ಬಹಳ ಹಳ್ಳಿಗಳಲ್ಲಿ ದಾರಿ ಬದಲಾಯ್ತು, ದುಡ್ಡನ್ನ ಕಂತಲ್ಲಿ ಮನೆಯೋರ ಕೈಗೇ ಕೊಟ್ರು, ಇಂಜಿನಿಯರ್ ಬಂದು ಕಟ್ಟಡ ಭದ್ರ ಇದೆಯಾ ಅಂತ ನೋಡೋನು, ಮನೆ ಹೇಗಿರಬೇಕು ಅನ್ನೋದು ಮನೆಯೋರ ಮಾತು. ಭುಜ್‌ನ ಹುನ್ನರ್‌ಶಾಲಾ ಥರದ ಸಂಸ್ಥೆಗಳು ಊರಿನ ಗಾರೆ ಕೆಲಸದೋರನ್ನೇ ಮುಂದೆ ನಿಲ್ಲಿಸಿದ್ವು. ನನ್ನ ಓಟು ಇದಕ್ಕೆ. ನಿಧಾನ ಆಗತ್ತೆ, ಜಗಳ ಆಗತ್ತೆ, ಆಗಲಿ.

ಆದ್ರೆ ಸುಟ್ಟ ಜಾಗದಲ್ಲಿ ನಿಧಾನಕ್ಕೂ ಒಂದು ಬೆಲೆ ಇದೆ, ಅದನ್ನ ಮುಚ್ಚಿಡೋದು ಸರಿಯಲ್ಲ. ಆಲ್ಟಡೀನಾನೇ ತಗೊಳ್ಳಿ. ಬೇರೆ ಏರಿಯಾಗಳಲ್ಲಿ ಕಪ್ಪು ಜನಕ್ಕೆ ಮನೆ ಮಾರಲ್ಲ, ಸಾಲ ಕೊಡಲ್ಲ ಅಂತಿದ್ದ ಕಾಲದಲ್ಲಿ ಅವರು ಕಷ್ಟಪಟ್ಟು ಮನೆ ಕೊಂಡು ಉಳಿಸ್ಕೊಂಡ ಊರು ಅದು, ಅಕ್ಕನ ಆಫೀಸಿನವರ ಅಜ್ಜ ಅಜ್ಜಿನೂ ಹಾಗೇ ಕೊಂಡಿದ್ದಂತೆ. ಬೂದಿ ಆರೋಕೆ ಮುಂಚೆನೇ ಸೈಟು ಕೊಳ್ಳೋರು ಫೋನ್ ಮಾಡಕ್ಕೆ ಶುರು ಮಾಡಿದ್ರು, ಜನ ಅಂಗಳದಲ್ಲಿ "ಆಲ್ಟಡೀನಾ ಮಾರಾಟಕ್ಕಿಲ್ಲ" ಅಂತ ಬೋರ್ಡ್ ನೆಟ್ರು. ಇನ್ಶೂರೆನ್ಸ್ ದುಡ್ಡು ಸಾಲಲ್ಲ, ಬಾಡಿಗೆ ಕಟ್ಟಿ ಕಟ್ಟಿ ಸುಸ್ತಾಗತ್ತೆ, ಪ್ಲಾನ್ ಅಪ್ರೂವಲ್‌ಗೆ ತಿಂಗಳುಗಟ್ಟಲೆ ಕಾಯ್ಬೇಕು ಅಂದ್ರೆ ಯಾರಾದ್ರೂ ಮಾರಿ ಹೋಗ್ತಾರೆ. ಅದಕ್ಕೇ ಅಲ್ಲಿನ ಆರ್ಕಿಟೆಕ್ಟ್‌ಗಳು ಸೇರಿ ಫುಟ್‌ಹಿಲ್ ಕ್ಯಾಟಲಾಗ್ ಅಂತ ಮಾಡಿರೋದು ನನಗೆ ಬಹಳ ಹಿಡಿಸ್ತು. ಊರಿನ ಹಳೆ ಮನೆಗಳ ಧಾಟಿಯಲ್ಲೇ, ಬೆಂಕಿ ರೂಲ್ಸ್ ಎಲ್ಲ ಸೇರಿಸಿ ಡಿಸೈನ್ ಮಾಡಿ, ಅಪ್ರೂವಲ್ ಮೊದಲೇ ತಗೊಂಡು ಇಟ್ಟಿರ್ತಾರೆ, ಜನ ತಮಗೆ ಬೇಕಾದ್ದನ್ನ ಆರಿಸ್ಕೋಬಹುದು. ಟೈಮೂ ಉಳೀತು, ಖರ್ಚೂ ಉಳೀತು, ಬೀದಿಗೆ ಅದರ ಮುಖನೂ ಉಳೀತು. ನಮ್ಮೂರಲ್ಲಿ ಆ ಸಾಲು ಕಟ್ಟುವಾಗ ಇಂಥ ನಾಲ್ಕೇ ನಾಲ್ಕು ಹಾಳೆ ಇದ್ದಿದ್ರೆ, ಜಗುಲಿ ಇರೋ ನಾಲ್ಕು ಹಾಳೆ!

ಅದೇ ಊರಲ್ಲಿ ಇನ್ನೊಂದು ಕೆಲಸ ನಡೀತು, ಅದನ್ನ ಹೇಳದೆ ಇರಕ್ಕಾಗಲ್ಲ. ಸುಟ್ಟ ಮನೆಗಳಲ್ಲಿ ನಿಂತಿದ್ದಿದ್ದು ಚಿಮಣಿ ಮಾತ್ರ, ಚಿಮಣಿ ಬುಡದಲ್ಲಿ ನೂರು ವರ್ಷದ ಹಿಂದೆ ಪಸಡೀನಾದಲ್ಲೇ ಅರ್ನೆಸ್ಟ್ ಬ್ಯಾಚೆಲ್ಡರ್ ಅನ್ನೋರು ಮಾಡ್ತಿದ್ದ ಮಣ್ಣಿನ ಟೈಲ್ಸು. ಒಂದ್ಸಲ ಕುಲುಮೇಲಿ ಬೆಂದು ಬಂದಿರೋ ಮಣ್ಣು, ಈ ಬೆಂಕಿಗೂ ಕರಗಲಿಲ್ಲ. ಸರ್ಕಾರದ ಜೆಸಿಬಿಗಳು ಬಂದು ಅವಶೇಷ ಎತ್ತೋ ಮುಂಚೆ ಊರಿನೋರೇ ಗುಂಪು ಕಟ್ಕೊಂಡು, ಗಾರೆ ಕೆಲಸದೋರನ್ನ ಕರ್ಕೊಂಡು, ಮಾಸ್ಕ್ ಹಾಕ್ಕೊಂಡು, ಒಂದೊಂದೇ ಟೈಲ್ಸ್ ಉಳಿ ಇಟ್ಟು ಬಿಡಿಸಿ, ಯಾವ ಮನೇದು ಅಂತ ಗುರುತು ಮಾಡಿ ಡಬ್ಬಕ್ಕೆ ಹಾಕಿ ಇಟ್ರು. ಹೊಸ ಮನೆ ಕಟ್ಟಿದಾಗ ಅದೇ ಟೈಲ್ಸ್ ಗೋಡೆಗೆ ಹೋಗತ್ತೆ. ಇಂಥದ್ದನ್ನ ಮಾಡೋಕೆ ದೊಡ್ಡ ಆರ್ಕಿಟೆಕ್ಟ್ ಬೇಕಿಲ್ಲ, ಜೆಸಿಬಿ ಬರೋಕೆ ಎರಡು ದಿನ ಮುಂಚೆ "ನಿಮಗೆ ಏನು ಎತ್ತಿಡಬೇಕು" ಅಂತ ಕೇಳೋರು ಬೇಕು. ನಮ್ಮಲ್ಲಾದ್ರೆ ಒರಳುಕಲ್ಲು, ಬೀಸೋಕಲ್ಲು, ಹಿತ್ತಾಳೆ ಹಂಡೆ, ಜಗುಲಿ ಚಪ್ಪಡಿ, ತುಳಸಿಕಟ್ಟೆ. ಅವಶೇಷ ತೆಗೆಯೋ ಟೆಂಡರಲ್ಲೇ ಇದನ್ನ ಒಂದು ಐಟಂ ಅಂತ ಬರೆದು ಸೇರಿಸಬೇಕು ಅನ್ನೋದು ನನ್ನ ಬಲವಾದ ಅಭಿಪ್ರಾಯ.

ಸ್ಮಾರಕದ ವಿಷಯಕ್ಕೆ ಮಾತ್ರ ಆತುರ ಬೇಡ ಅಂತೀನಿ. ಪೋರ್ಚುಗಲ್‌ನಲ್ಲಿ 2017ರ ಜೂನಲ್ಲಿ ಪೆದ್ರೋಗೌ ಗ್ರಾಂದೆ ಬೆಂಕಿಗೆ 66 ಜನ ಸತ್ರು, ಬಹಳ ಜನ ತಪ್ಪಿಸ್ಕೊಂಡು ಹೋಗುವಾಗ ರಸ್ತೇಲೇ ಕಾರೊಳಗೆ. ಅದೇ ರಸ್ತೆ ಪಕ್ಕ ಎದುವಾರ್ದೊ ಸೌತೊ ದೆ ಮೌರ ಅನ್ನೋ ಆರ್ಕಿಟೆಕ್ಟ್ ಒಂದು ನೀರಿನ ಕೊಳ ಮಾಡಿದ್ದಾರೆ, ತೀರ್ಕೊಂಡೋರ ಹೆಸರಿನ ಜೊತೆ. ಬೆಂಕಿ ಆಗಿ ವರ್ಷಗಳ ಮೇಲೆ ಮುಗಿದ ಕೆಲಸ. ಬೇಗ ಆಗ್ಬೇಕಾಗಿದ್ದು ಕೂರೋ ಜಾಗ, ತಡವಾಗಿ ಆದ್ರೂ ನಡೆಯೋದು ಕಲ್ಲಿನ ಮೇಲಿನ ಹೆಸರು. ನಮ್ಮಲ್ಲಿ ಉಲ್ಟಾ, ಕೆಲಸಕ್ಕೆ ಮುಂಚೆ ಶಿಲಾಫಲಕ ಬಂದಿರತ್ತೆ.

ಗ್ರೀಸಿನ ಮಾತಿ ಅನ್ನೋ ಊರಿನ ಕಥೆ ಓದಿದಾಗಂತೂ ನಿದ್ದೆ ಬರಲಿಲ್ಲ. 2018ರ ಜುಲೈ, 104 ಜನ. ಸಮುದ್ರ ಪಕ್ಕದಲ್ಲೇ ಇತ್ತು, ಓಡಿ ನೀರಿಗೆ ಇಳಿದಿದ್ರೆ ಉಳೀತಿದ್ರು, ಆದ್ರೆ ಪ್ಲಾನ್ ಇಲ್ಲದೆ ಬೆಳೆದ ಇಕ್ಕಟ್ಟು ಗಲ್ಲಿ, ಎಲ್ಲೆಲ್ಲೂ ಕಾಂಪೌಂಡು, ಡೆಡ್ ಎಂಡ್. 26 ಜನ ಒಬ್ಬರನ್ನೊಬ್ಬರು ತಬ್ಕೊಂಡು ಸಮುದ್ರಕ್ಕೆ ಇನ್ನು ಸ್ವಲ್ಪ ದೂರ ಇದ್ದ ಹಾಗೇ ಸತ್ತಿದ್ರು. ದಾರಿ ಬಿಡೋದೂ ಆರ್ಕಿಟೆಕ್ಚರೇ.

ಇದನ್ನೆಲ್ಲ ಇಲ್ಲಿ ಕೂತು ಯಾಕೆ ಬರೀತಿದೀನಿ ಅಂದ್ರೆ ಬಂಡೀಪುರ ನಮ್ಮಿಂದ ದೂರ ಇಲ್ಲ. 2019ರ ಫೆಬ್ರವರೀಲಿ ಅಲ್ಲಿ 10,000 ಎಕರೆಗೂ ಹೆಚ್ಚು ಕಾಡು ಸುಟ್ಟಿದ್ದು, ಏರ್‌ಫೋರ್ಸ್ ಹೆಲಿಕಾಪ್ಟರಲ್ಲಿ ನೀರು ಸುರಿದಿದ್ದು ಎಲ್ರಿಗೂ ನೆನಪಿದೆ. ಅದಕ್ಕೆ ಎರಡು ವರ್ಷ ಮುಂಚೆ ಒಬ್ಬ ಫಾರೆಸ್ಟ್ ಗಾರ್ಡ್ ಬೆಂಕಿ ಆರಿಸಲು ಹೋಗಿ ಪ್ರಾಣ ಬಿಟ್ರು. ಕಾಡಿನ ಕೆಳಗೆಲ್ಲ ಲಂಟಾನ ಅನ್ನೋ ಕಳೆ ಪೊದೆ ತುಂಬ್ಕೊಂಡಿದೆ, ಒಣಗಿದ್ರೆ ಅದು ಬೆಂಕಿಗೆ ಏಣಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದೇ ಲಂಟಾನ ಕಡಿದು, ಬೇಯಿಸಿ, ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿ ಮಾಡ್ತಾರೆ, ಏಟ್ರೀ ಅನ್ನೋ ಪರಿಸರ ಸಂಶೋಧನಾ ಸಂಸ್ಥೆಯೋರು 2004ರ ಸುಮಾರಿಂದ ಅವರ ಜೊತೆ ನಿಂತಿದ್ದಾರೆ. ನನ್ನ ಪ್ರಾಜೆಕ್ಟುಗಳಲ್ಲಿ ಒಳಗಿನ ಫರ್ನಿಚರ್‌ಗೆ ಅದನ್ನೇ ತಗೊಳ್ಳಿ ಅಂತ ಕ್ಲೈಂಟ್‌ಗಳ ಹತ್ರ ಕೇಳ್ಕೊಳ್ತೀನಿ, ಗಟ್ಟಿಯಾಗಿರತ್ತೆ, ನೋಡೋಕೂ ಚೆಂದ.

ನನಗೆ ಭಯ ಇರೋದು ಕಾಡಂಚಿನ ಹೋಂಸ್ಟೇ, ರೆಸಾರ್ಟ್‌ಗಳ ಬಗ್ಗೆ. ಹಳ್ಳಿ ಲುಕ್ ಬರಲಿ ಅಂತ ಎಷ್ಟೋ ಕಡೆ ಹುಲ್ಲಿನ ಮಾಡು, ಬಿದಿರಿನ ಗೋಡೆ, ಕಾಟೇಜಿಂದ ಕಾಟೇಜಿಗೆ ಹತ್ತಡಿನೂ ಇಲ್ಲ, ಒಳಗೆ ಬರೋಕೂ ಹೊರಗೆ ಹೋಗೋಕೂ ಒಂದೇ ಗೇಟು. ಅಂಥ ಜಾಗಕ್ಕೆ ಡಿಸೈನ್ ಕೇಳ್ಕೊಂಡು ಬಂದೋರಿಗೆ ನಾನು ಹೆಂಚು ಹಾಕ್ಸಿ ಅಂತೀನಿ, ಹೆಂಚಿನ ಸಂದಿಗೆ, ಅಟ್ಟದ ಕಿಂಡಿಗೆ ಜಾಲರಿ ಹೊಡ್ಸಿ ಅಂತೀನಿ, ಗೋಡೆ ಸುತ್ತ 5 ಅಡಿ ಜಲ್ಲಿ, ಇನ್ನೊಂದು ಕಡೆ ಎರಡನೇ ಗೇಟು. ಜಾಲರಿ ಖರ್ಚು ಒಂದು ಕಾಟೇಜಿನ ಒಂದು ವಾರದ ಬಾಡಿಗೆನೂ ಆಗಲ್ಲ. ಗುಂಡ್ಲುಪೇಟೆ, ಎಚ್.ಡಿ. ಕೋಟೆ ಕಡೆ ಹಾಡಿಗಳಲ್ಲಿ, ಕಾಡಂಚಿನ ಹಳ್ಳಿಗಳಲ್ಲಿ ಇದನ್ನ ಮಾಡ್ಸೋಕೆ ಜನರ ಹತ್ರ ದುಡ್ಡಿರಲ್ಲ, ಅಲ್ಲಿ ಪಂಚಾಯ್ತಿನೇ ಮುಂದೆ ಬರಬೇಕು, ಮತ್ತೆ ಮನೆಗಳ ಜೊತೆಗೇ ಶಾಲೆ ಅಂಗಳನೋ ಸಮುದಾಯ ಭವನನೋ ಒಂದನ್ನ ಬೆಂಕಿ ತಾಗದ ಹಾಗೆ, ಟ್ಯಾಂಕಲ್ಲಿ ನೀರು ಇರೋ ಹಾಗೆ, ಎರಡು ದಾರಿ ಇರೋ ಹಾಗೆ ಮೊದಲೇ ಸಿದ್ಧ ಮಾಡಿ ಇಡಬೇಕು. ಬೆಂಕಿ ಬಂದ್ರೆ ಓಡಿ ಬಂದು ಸೇರೋಕೆ ಆ ಜಾಗ, ಬೆಂಕಿ ಹೋದ ಮೇಲೆ ಅಲ್ಲೇ ಒಲೆ ಹೂಡೋಕೂ ಆಗತ್ತೆ.

ಕಾಡಿಗೆ ಬೆಂಕಿ ಬೀಳೋ ಫೆಬ್ರವರಿ ಬರೋಕೆ ಮುಂಚೆನೇ ಮಾಡ್ಬೇಕಾದ ಕೆಲಸ ಇದು. ನಿಮ್ಮ ಪಂಚಾಯ್ತಿಯೋರು ಯಾರಾದ್ರೂ ಇದನ್ನ ಮಾಡೋ ಮನಸ್ಸು ಮಾಡಿದ್ರೆ ಜಾಗದ ನಕ್ಷೆ, ಸ್ಕೆಚ್ಚು, ಅಂದಾಜು ಪಟ್ಟಿ ನಾನು ಮಾಡಿಕೊಡ್ತೀನಿ, ಫೀಸ್ ಬೇಡ, ಊರಿನ ಅಜ್ಜಿಯರನ್ನ ಒಂದ್ಸಲ ಕೂರಿಸಿ ನನ್ನ ಜೊತೆ ಮಾತಾಡಿಸಿದ್ರೆ ಸಾಕು.